ನಿನಗೂ ಹೇಳಲಿಲ್ಲ, ಮಾರಾಯ

ಗೆಳೆಯಾ,

ಹೋದ ವಾರ ಫೋನ್ ಮಾಡಿ, “ಸಾಗರದ ಕಡೆ ಒಬ್ಬ ಒಳ್ಳೆ ಹುಡುಗ ಇದಾನೆ, ನಿನ್ನ ಜಾತಕ ಕಳಿಸೇ” ಅಂದೆಯಲ್ಲ. ನಾನು ನಕ್ಕು ಮಾತು ತಿರುಗಿಸಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನಗೆ ಮದುವೆಯಾಗಿ ಈ ಆಷಾಢಕ್ಕೆ ಎರಡು ವರ್ಷ ಆಯ್ತು ಮಾರಾಯ.

ಆಷಾಢದಲ್ಲಾ ಅಂತ ಕೇಳಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಆಷಾಢವೂ ಒಂದೇ, ಶ್ರಾವಣವೂ ಒಂದೇ. ಹುಡುಗ ದಾವಣಗೆರೆಯವನು, ಜಾತಿ ಬೇರೆ. ನಮ್ಮಪ್ಪನನ್ನು ಬಲ್ಲ ನಿನಗೆ ಉಳಿದದ್ದು ಬಿಡಿಸಿ ಹೇಳಬೇಕಾಗಿಲ್ಲ. ಪುರೋಹಿತರಿಲ್ಲದ ಸರಳ ಮದುವೆ, ಆ ಮಂತ್ರ ಮಾಂಗಲ್ಯ ಕೊಟ್ಟ ಕುವೆಂಪು ನಮ್ಮ ತಾಲ್ಲೂಕಿನವರು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಮನೆ ಜಗುಲಿಗೆ ಬಂದರೆ ಕಥೆಯೇ ಬೇರೆ.

1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆದೆವು. ಕಾಗದ ಗಟ್ಟಿ ಇರಲಿ ಅಂತ ಅವನ ಹಟ. ತಮಾಷೆ ನೋಡು, ಗುಟ್ಟಾಗಿ ಮದುವೆಯಾಗಲು ಹೊರಟವರ ಹೆಸರು, ವಯಸ್ಸು, ಕೆಲಸ, ವಿಳಾಸ ಎಲ್ಲ ಇರುವ ನೋಟಿಸನ್ನು 30 ದಿನ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ದಾವಣಗೆರೆಯಲ್ಲಿ ಕೊಟ್ಟರೆ ನಮ್ಮ ಕಡೆಯವರಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಒಂದು ನಕಲು ಅಲ್ಲಿನ ಆಫೀಸಿಗೂ ಹೋಗುತ್ತದೆ! ಆ ತಿಂಗಳು ತೋಟದ ಪತ್ರ ಮಾಡಿಸಲು ಊರಿಂದ ಯಾರು ಹೊರಟರೂ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು. ಯಾರೂ ಓದಲಿಲ್ಲ. ಆ ಬೋರ್ಡನ್ನು ಯಾರೂ ಓದುವುದೇ ಇಲ್ಲ ಅಂತ ಕಾಣುತ್ತೆ.

ಸಾಕ್ಷಿಗೆ ಮೂರು ಜನ ಬೇಕಿತ್ತು. ಮೂವರೂ ಅವನ ಕಡೆಯವರು. ನಿನ್ನನ್ನು ಕರೆಯೋಣ ಅಂತ ಫೋನ್ ಎತ್ತಿಕೊಂಡು, ಹಾಗೇ ಇಟ್ಟುಬಿಟ್ಟೆ. ನಮ್ಮಮ್ಮನ ಕೈ ಕಡುಬು ತಿಂದು ಬೆಳೆದವನು ನೀನು. ಅವಳ ಮುಂದೆ ನಿನ್ನ ಕೈಲೂ ಸುಳ್ಳು ಹೇಳಿಸಬೇಕಾಗುತ್ತಿತ್ತು.

ತಂಗಿಯ ಮದುವೆ ಮುಗಿಯಲಿ, ಆಮೇಲೆ ಹೇಳೋಣ ಅನ್ನುವುದು ನಮ್ಮ ಲೆಕ್ಕ. ಜಾಸ್ತಿ ಅಂದರೆ ಒಂದು ವರ್ಷ ಅಂದುಕೊಂಡಿದ್ದೆವು.

ವಾರವಿಡೀ ಶಿವಮೊಗ್ಗದ ಪಿಜಿಯಲ್ಲಿ ನಾನು ಕುಮಾರಿ. ಶನಿವಾರ ದಾವಣಗೆರೆ ಬಸ್ಸು ಹತ್ತಿದ ಮೇಲೆ ಖಾಲಿ ಪೌಡರ್ ಡಬ್ಬಿಯಿಂದ ಕರಿಮಣಿ, ಕಾಲುಂಗುರ ಹೊರಬರುತ್ತವೆ. ಹೊನ್ನಾಳಿ ದಾಟುವಷ್ಟರಲ್ಲಿ ಹೆಂಡತಿ. ಊರಿಗೆ ಹೋಗುವಾಗ ಇದರ ಉಲ್ಟಾ. ಹೋದ ವರ್ಷ ಮಳೆಗಾಲದಲ್ಲಿ ದಾವಣಗೆರೆಯಿಂದ ಬಂದವಳು ಹಾಗೇ ತೀರ್ಥಹಳ್ಳಿ ಬಸ್ಸು ಹತ್ತಿದೆ. ಕಾಲು ನೆನೆದು ಬೆರಳು ಊದಿಕೊಂಡಿತ್ತು. ಗಾಜನೂರು ದಾಟಿತು, ಸಕ್ರೆಬೈಲು ದಾಟಿತು, ಎಡಗಾಲಿನದ್ದು ಬರಲೊಲ್ಲದು. ಪಕ್ಕದ ಅಜ್ಜಿ ನೋಡುತ್ತಲೇ ಇದ್ದರು. ಕೊನೆಗೆ ತಮ್ಮ ಚೀಲದಿಂದ ತೆಂಗಿನೆಣ್ಣೆ ತೆಗೆದು ಎರಡು ಹನಿ ಬಿಟ್ಟರು. “ಬಿಗಿ ಆದ್ರೆ ದೊಡ್ಡದು ಮಾಡಿಸ್ಕೋ ಮಗಾ, ತೆಗ್ದಿಡಬಾರ್ದು” ಅಂದರು. ಮಂಡಗದ್ದೆ ಹತ್ತಿರ ಬಂತು. ಬೆರಳ ಸುತ್ತ ಬಿಳಿ ಗೆರೆ ಉಳಿಯಿತು. ಮನೆಯಲ್ಲಿ ಎರಡು ದಿನ ಸಾಕ್ಸ್ ಹಾಕಿಕೊಂಡೇ ಓಡಾಡಿದೆ. ಚಳಿಯಾ ಅಂತ ಅಮ್ಮ ಕಷಾಯ ಮಾಡಿಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕಷಾಯ ಗಂಟಲಲ್ಲಿ ಇಳಿಯಲಿಲ್ಲ ಕಣೋ.

ಅವನಿಗೆ ಡೆಂಗಿ ಆದಾಗ ರಜೆ ಕೇಳಲು ನನ್ನ ಹತ್ತಿರ ಕಾರಣ ಇರಲಿಲ್ಲ. ಗೆಳತಿಯ ಅಜ್ಜಿ ತೀರಿಕೊಂಡರು ಅಂದೆ. ಇಲ್ಲದ ಅಜ್ಜಿಗೆ ಇಡೀ ಸೆಕ್ಷನ್ ಅಯ್ಯೋ ಪಾಪ ಅಂದಿತು. ಪಿಎಫ್ ಕಥೆಯೂ ಅಷ್ಟೇ. ಮದುವೆಯಾದರೆ ಹಳೇ ನಾಮಿನೇಶನ್ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಅಲ್ಲಿರುವುದು ಅಪ್ಪನ ಹೆಸರು. ಆ ಫೈಲ್ ನೋಡುವಾಕೆ ನಮ್ಮ ಪಕ್ಕದೂರಿನವಳು. ಹೇಗೆ ಬದಲಾಯಿಸಲಿ?

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಕೊಪ್ಪದ ಕಡೆಯವರು ಬಂದು ನೋಡಿ, ಒಪ್ಪಿ ಹೋಗಿದ್ದರು. ಮೊನ್ನೆ ಹೇಳಿಕಳಿಸಿದರಂತೆ: “ದೊಡ್ಡವಳಿಗೆ ಯಾಕೆ ಇನ್ನೂ ಆಗಿಲ್ಲ? ಏನಾದರೂ ತೊಂದರೆ ಇದೆಯಾ?” ಹೀಗೆ ತಪ್ಪಿಹೋಗುತ್ತಿರುವುದು ಇದು ಮೂರನೇ ಸಂಬಂಧ. ರಾತ್ರಿ ತಂಗಿ ಫೋನ್ ಮಾಡಿ, “ಅಕ್ಕಾ, ಯಾರನ್ನಾದ್ರೂ ಬೇಗ ಒಪ್ಕೊಳೇ, ನಂಗೋಸ್ಕರ” ಅಂತ ಅತ್ತಳು. ಯಾರಿಗಾಗಿ ಬಚ್ಚಿಟ್ಟೆನೋ ಅವಳ ದಾರಿಗೇ ನಾನು ಅಡ್ಡ ಮಲಗಿದ್ದೇನೆ.

ಅಡಿಕೆ ಕೊಯ್ಲು ಶುರುವಾದರೆ ಮನೆತುಂಬ ಜನ. ಅದಕ್ಕೇ ಬರುವ ಭಾನುವಾರ ಹೋಗುತ್ತೇನೆ, ಕಾಲುಂಗುರ ತೆಗೆಯದೆ. ಹತ್ತು ಗಂಟೆ ಹೊತ್ತಿಗೆ ನೀನು ಸುಮ್ನೆ ಬಂದ ಹಾಗೆ ಬಾ. ನನ್ನ ಪರ ಏನೂ ಮಾತಾಡಬೇಡ. ಅಪ್ಪ ಎದ್ದು ತೋಟಕ್ಕೆ ಹೋಗಿಬಿಡುತ್ತಾರೆ, ಅವರ ಹಿಂದೆ ಹೋಗು. ಬಿಪಿ ಮಾತ್ರೆ ತಗೊಂಡಿದಾರಾ ಕೇಳು.

ಸಾಗರದವರಿಗೆ ಜಾತಕ ಕೂಡಿಬರಲಿಲ್ಲ ಅಂತ ಹೇಳಿಬಿಡು. ಅದೊಂದು ಸುಳ್ಳು ನಿನ್ನ ಪಾಲಿಗೆ.

ಇಂತಿ,
ನಿನ್ನ ಹಳೇ ಬೆಂಚ್‌ಮೇಟ್