ಉಪಗ್ರಹದ ದನಿಗಿಂತ ನೆಲದ ಕಿವಿ ಮುಖ್ಯ

ಮಾನ್ಯ ಸಂಪಾದಕರೇ,

ಬೆಂಗಳೂರು ಮತ್ತು ಹೈದರಾಬಾದ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ಉಪಗ್ರಹ ‘ಸ್ಟಡ್‌ಸ್ಯಾಟ್’ 2010ರ ಜುಲೈ 12ರಂದು ಕಕ್ಷೆ ಸೇರಿತು. ಅದೇ ಹಾದಿ ಹಿಡಿಯುವ ಕಾಲೇಜುಗಳು ಸಂಪರ್ಕದ ಹಣವನ್ನೆಲ್ಲ ಉಪಗ್ರಹದ ಟ್ರಾನ್ಸ್‌ಮಿಟರ್‌ಗೇ (ಸಂಕೇತ ಕಳಿಸುವ ಸಾಧನ) ಸುರಿಯಬಾರದು.

ಇಂಥ ಉಪಗ್ರಹ ಮಾಹಿತಿ ಕಳಿಸಲು 437 ಮೆಗಾಹರ್ಟ್ಸ್ ಆವರ್ತನದಲ್ಲಿ ಅರ್ಧ ವ್ಯಾಟ್, ಸೆಕೆಂಡಿಗೆ 1200 ಬಿಟ್ ಸಾಕು. ಆಂಟೆನಾಗೆ ಉಕ್ಕಿನ ಅಳತೆ ಟೇಪಿನ ಎರಡು ತುಂಡು, ತಲಾ ಸುಮಾರು 16 ಸೆಂ.ಮೀ. ಆದರೆ ಅದನ್ನು ಬಿಡಿಯಾಗಿ ಮೇಜಿನ ಮೇಲಿಟ್ಟು ಟ್ಯೂನ್ ಮಾಡಿ ಪ್ರಯೋಜನವಿಲ್ಲ. ಲೋಹದ ಚೌಕಟ್ಟಿಗೆ ಕೂರಿಸಿದೊಡನೆ ಆವರ್ತನ ಜಾರುತ್ತದೆ. ತುಸು ಉದ್ದವೇ ಬಿಟ್ಟು, ಪೂರ್ತಿ ಜೋಡಿಸಿದ ಉಪಗ್ರಹದ ಮೇಲೆ ಅಳೆಯುತ್ತ ಕತ್ತರಿಸಬೇಕು. ಉಡಾವಣೆಗೆಂದು ಮಡಚಿದ ಟೇಪನ್ನು ಬಿಗಿದ ನೈಲಾನ್ ದಾರವನ್ನು ಕಕ್ಷೆಯಲ್ಲಿ ಸುಡಲು, ವಿದ್ಯುತ್ ಹರಿದರೆ ಕಾಯುವ ನೈಕ್ರೋಮ್ ತಂತಿ ಎರಡಿರಲಿ. ಚಳಿಗೆ ಬ್ಯಾಟರಿ ಸೊರಗಿ ದಾರ ಅರೆಬರೆ ಕರಗಿದರೆ ಆಂಟೆನಾ ಬಿಚ್ಚುವುದಿಲ್ಲ. ಯತ್ನ ತಾನಾಗಿ ಮರುಕಳಿಸುವಂತೆ ಪ್ರೋಗ್ರಾಂ ಬರೆಯಬೇಕು.

ಸಂಕೇತದ ನಿಜವಾದ ಸೋರಿಕೆ ಇರುವುದು ನೆಲದ ಕೇಂದ್ರದಲ್ಲಿ. 500 ಕಿ.ಮೀ. ಎತ್ತರದ ಉಪಗ್ರಹ ದಿಗಂತದ ಬಳಿ ಸುಮಾರು 2,000 ಕಿ.ಮೀ. ದೂರವಿರುತ್ತದೆ, ಆಗ ಸಿಗುವ ಸಂಕೇತ ನೆತ್ತಿಯ ಮೇಲಿದ್ದಾಗಿನ ಹದಿನಾರನೇ ಒಂದು ಪಾಲು. ಅದನ್ನು ತಾರಸಿಯ ಆಂಟೆನಾದಿಂದ ಕೋಣೆಗೆ 20 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್‌ನಲ್ಲಿ ಇಳಿಸಿದರೆ ಐದರಲ್ಲಿ ನಾಲ್ಕು ಪಾಲನ್ನು ಕೇಬಲ್ಲೇ ನುಂಗುತ್ತದೆ. ಹಾಗಾಗಿ ಸಂಕೇತವನ್ನು ಬಲಪಡಿಸುವ, ಕಡಿಮೆ ಗದ್ದಲದ ಆಂಪ್ಲಿಫೈಯರನ್ನು ತಾರಸಿಯಲ್ಲಿ, ಆಂಟೆನಾದ ಬುಡದಲ್ಲೇ ಕೂರಿಸಬೇಕು. ಕೋಣೆಯಲ್ಲಿಟ್ಟರೆ ಕಳೆದದ್ದು ಮರಳದು. ಸಂಕೇತ ಹಿಡಿಯಲು, ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೊ ಗ್ರಾಹಕ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಧಾರಾಳ ಸಾಕು. ಡಾಪ್ಲರ್ ಪರಿಣಾಮದಿಂದ, ಅಂದರೆ ಉಪಗ್ರಹದ ವೇಗದಿಂದಾಗಿ, ಆವರ್ತನ ಅತ್ತಿತ್ತ 10 ಕಿಲೊಹರ್ಟ್ಸ್‌ವರೆಗೆ ಸರಿಯುವುದನ್ನು ತಂತ್ರಾಂಶ ಸರಿದೂಗಿಸುತ್ತದೆ.

ಇನ್ನು ತರಂಗಾಂತರದ ಸಮನ್ವಯ (ಬೇರೆಯವರಿಗೆ ಅಡ್ಡಿಯಾಗದ ಆವರ್ತನ ಗೊತ್ತುಮಾಡಿಕೊಳ್ಳುವುದು), ಪರವಾನಗಿ. ಇವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದಯವಿಟ್ಟು ವಿನ್ಯಾಸ ಶುರುವಾದಾಗಲೇ ಅರ್ಜಿ ಹಾಕಿ.

– ಹ್ಯಾಮ್ ರೇಡಿಯೊ ಹವ್ಯಾಸಿಗಳು, ಬೆಂಗಳೂರು