ಶಿರಸಿಯಲ್ಲಿ ಸಣ್ಣ ನಾಟಕಗಳಿಗೆ ಒಂದು ಕೋಣೆ ಬೇಕು: ನಿವಾಸಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ, ಶಿರಸಿ

ಇವರಿಂದ,
ಕೆಳಗೆ ಸಹಿ ಮಾಡಿದ ಶಿರಸಿಯ ನಿವಾಸಿಗಳು

ವಿಷಯ: ನಗರಸಭೆಗೆ ಸೇರಿದ, ಈಗ ಬಳಕೆಯಲ್ಲಿ ಇಲ್ಲದ ಯಾವುದಾದರೂ ಒಂದು ಕೋಣೆಯನ್ನು ಪ್ರಾಯೋಗಿಕ ನಾಟಕಗಳಿಗೆ ಬಾಡಿಗೆಗೆ ಕೊಡುವಂತೆ ಕೋರಿ

ಮಾನ್ಯರೇ,

ನಾವು ನಾಟಕ ಆಡುವವರು ಹದಿನಾಲ್ಕು ಜನ. ಇಬ್ಬರು ಶಿಕ್ಷಕಿಯರು, ಒಬ್ಬರು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವರು, ಒಬ್ಬರು ಬಸ್ ಕಂಡಕ್ಟರ್. ಉಳಿದವರು ತೋಟದವರು ಮತ್ತು ಕಾಲೇಜು ಮಕ್ಕಳು. ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ. ಜಾಗವೇ ಇಲ್ಲದವರಿಗೆ ಬೋರ್ಡು ಯಾಕೆ ಅಂತ ಸುಮ್ಮನಿದ್ದೇವೆ. ಈ ಮನವಿಗೆ ಅಕ್ಕಪಕ್ಕದ ಮನೆಯವರೂ ಸಹಿ ಹಾಕಿದ್ದಾರೆ. ನಮ್ಮ ತಾಲೀಮಿನ ಗಲಾಟೆಯಿಂದ ಅವರಿಗೂ ಬಿಡುಗಡೆ ಬೇಕು, ಅಲ್ವಾ?

ತಾಲೀಮು ನಡೆಯುವುದು ನಮ್ಮಲ್ಲೊಬ್ಬರ ಮನೆಯ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ. ಕೊನೆಕೊಯ್ಲು ಶುರುವಾದ ಕೂಡಲೇ ಅಲ್ಲಿ ಅಡಿಕೆ ಸುಲಿಯುವವರು ಕೂರುತ್ತಾರೆ, ನಾವು ಏಳುತ್ತೇವೆ. ಮಳೆಗಾಲದಲ್ಲಿ ಅಂಗಳ ಖಾಲಿ. ಆದರೆ ನಮ್ಮೂರಿನ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹೋದ ವರ್ಷ ಆಷಾಢದಲ್ಲಿ ಒಂದು ನಾಟಕದ ಅರ್ಧ ಭಾಗವನ್ನು ಬರೀ ಸನ್ನೆಯಲ್ಲೇ ಮುಗಿಸಿದೆವು. ನೋಡಿದವರು ‘ಒಳ್ಳೇ ಹೊಸ ಪ್ರಯೋಗ’ ಅಂದರು. ನಾವು ನಿಜ ಹೇಳಲು ಹೋಗಲಿಲ್ಲ.

ಊರಿನಲ್ಲಿ ಸಭಾಭವನಗಳು ಇಲ್ಲವೆಂದಲ್ಲ. ಅವು ಮದುವೆ, ಸನ್ಮಾನ, ಸಮ್ಮೇಳನಕ್ಕೆ ಸರಿ. ನಮ್ಮ ನಾಟಕಕ್ಕೆ ಬರುವವರು ನಲವತ್ತು ಜನ. ಒಮ್ಮೆ ದೊಡ್ಡ ಭವನ ಹಿಡಿದು ನೋಡಿದೆವು. ಮುಂದಿನ ಮೂರು ಸಾಲು ತುಂಬಿತು. ಹಿಂದಿನ ಖಾಲಿ ಕುರ್ಚಿಗಳನ್ನು ನೋಡುತ್ತಾ ಮಾತಾಡಿದೆವು. ಬಾಡಿಗೆ ತೀರಿಸಲು ಆರು ತಿಂಗಳು ಹಿಡಿಯಿತು. ದುಡ್ಡಿನದು ಹಾಗಿರಲಿ, ಒಂದೇ ದಿನಕ್ಕೆ ಸಿಗುವ ಜಾಗದಲ್ಲಿ ಹೊಸದನ್ನು ಮಾಡಿ ನೋಡಲು ಆಗುವುದಿಲ್ಲ. ಪ್ರಾಯೋಗಿಕ ನಾಟಕ ಕೆಡಲೂಬಹುದು. ಶನಿವಾರ ಕೆಟ್ಟರೆ ತಿದ್ದಿ ಭಾನುವಾರ ಆಡಬೇಕು. ಅದಕ್ಕೆ ನಾಳೆಯೂ ಸಿಗುವ ಜಾಗ ಬೇಕು, ಸಣ್ಣದಾದರೂ ಸರಿ.

ಇಲ್ಲಿ ದೂರದ ಊರಿನ ಒಂದು ಸಂಗತಿ ಹೇಳಬೇಕು. ಮನವಿ ಪತ್ರದಲ್ಲಿ ಕಥೆ ಯಾಕೆ ಅಂತ ನಮ್ಮಲ್ಲೇ ಇಬ್ಬರು ತಕರಾರು ತೆಗೆದರು. ಆದರೆ ಅದರಲ್ಲಿ ನಗರಾಡಳಿತದ ಒಬ್ಬ ಒಳ್ಳೆಯ ಅಧಿಕಾರಿ ಬರುತ್ತಾರೆ. ಹಾಗಾಗಿ ಇರಲಿ.

ನ್ಯೂಯಾರ್ಕಿನಲ್ಲಿ ಲಾ ಮಾಮಾ ಎಂಬ ಪ್ರಾಯೋಗಿಕ ರಂಗಮಂದಿರವಿದೆ. 1961ರ ಅಕ್ಟೋಬರಿನಲ್ಲಿ ಎಲೆನ್ ಸ್ಟೀವರ್ಟ್ ಎಂಬ ಆಫ್ರಿಕನ್-ಅಮೆರಿಕನ್ ಮಹಿಳೆ ಅಲ್ಲಿ ಒಂದು ನೆಲಮಾಳಿಗೆ ಹಿಡಿದರು. ತಿಂಗಳಿಗೆ 55 ಡಾಲರ್ ಬಾಡಿಗೆ. ಅವರದು ಬಟ್ಟೆ ವಿನ್ಯಾಸದ ಕಸುಬು, ನಾಟಕದವರೇ ಅಲ್ಲ. ಹಗಲು ಬಟ್ಟೆ ಅಂಗಡಿ, ರಾತ್ರಿ ಗೆಳೆಯರ ನಾಟಕ ಎಂಬ ಲೆಕ್ಕಾಚಾರ. ಓಣಿಯವರಿಗೆ ಅನುಮಾನ ಬಂತು. ಈ ಹೆಂಗಸಿನ ನೆಲಮಾಳಿಗೆಗೆ ಇಷ್ಟು ಗಂಡಸರು ಯಾಕೆ ಬಂದು ಹೋಗುತ್ತಾರೆ, ಏನೋ ಕೆಟ್ಟ ದಂಧೆಯೇ ಇರಬೇಕು ಅಂತ ದೂರು ಹೋಯಿತು. ವಿಚಾರಿಸಲು ಇನ್ಸ್‌ಪೆಕ್ಟರ್ ಬಂದರು. ಆ ಮನುಷ್ಯ ಹಿಂದೆ ಹಾಡು, ಹಾಸ್ಯದ ಆಟಗಳಲ್ಲಿ ರಂಗದ ಮೇಲೆ ನಿಂತವರು. ಒಳಗೆ ನಡೆಯುತ್ತಿದ್ದದ್ದು ಏನೆಂದು ಅವರಿಗೆ ಗೊತ್ತಾಯಿತು. ಬಾಗಿಲು ಮುಚ್ಚಿಸುವ ಬದಲು, ಕಾಫಿ ಅಂಗಡಿಯ ಪರವಾನಗಿ ಮಾಡಿಸಿಕೊಳ್ಳಿ ಅಂತ ದಾರಿ ತೋರಿಸಿದರು. ಪರವಾನಗಿಗೆ ಒಂದು ಹೆಸರು ಬೇಕಿತ್ತು. ಎಲ್ಲರೂ ಎಲೆನ್ ಅವರನ್ನು ಮಾಮಾ ಅಂತಲೇ ಕರೆಯುತ್ತಿದ್ದರು, ಅದೇ ಹೆಸರಾಯಿತು. (ನಮ್ಮ ಕಡೆ ಮಾಮ ಅಂದರೆ ಬೇರೆ. ಅಲ್ಲಿ ಅಮ್ಮ.)

1962ರ ಜುಲೈ 27ರಂದು ಮೊದಲ ನಾಟಕ. ಕೂರಲು ಜಾಗ ಇದ್ದದ್ದು 25 ಜನಕ್ಕೆ. ಟಿಕೆಟ್ ಇಲ್ಲ, ಟೋಪಿ ತಿರುಗಿಸಿ ಬಂದಷ್ಟು ದುಡ್ಡು. ಎಲೆನ್ ಅವರೇ ಗಂಟೆ ಬಾರಿಸಿ ಬಂದವರನ್ನು ಸ್ವಾಗತಿಸುತ್ತಿದ್ದರು. ಮುಂದೆ ದೊಡ್ಡ ಹೆಸರು ಮಾಡಿದ ಸ್ಯಾಮ್ ಶೆಪರ್ಡ್, ಲ್ಯಾನ್‌ಫರ್ಡ್ ವಿಲ್ಸನ್ ಅವರ ಮೊದಮೊದಲ ನಾಟಕಗಳಿಗೆ ಅಲ್ಲಿ ಜಾಗ ಸಿಕ್ಕಿತು. ಕೆಲವು ಸಲ ಜಾಗ ಬದಲಾಯಿತು. 1969ರಲ್ಲಿ ಈಸ್ಟ್ ಫೋರ್ತ್ ಸ್ಟ್ರೀಟ್‌ಗೆ ಬಂದು ನೆಲೆ ನಿಂತರು. ಎಲೆನ್ 2011ರಲ್ಲಿ ತೀರಿಕೊಂಡರು, ರಂಗಮಂದಿರ ಇನ್ನೂ ನಡೆಯುತ್ತಿದೆ. 2018ರಲ್ಲಿ ಅದಕ್ಕೆ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಯೂ ಬಂತು. ಅದೇ ಬೀದಿಯ ತನ್ನ ಕೆಲವು ಕಟ್ಟಡಗಳನ್ನು ನಗರಾಡಳಿತ ಕಲಾ ಸಂಸ್ಥೆಗಳಿಗೆ ತಲಾ ಒಂದು ಡಾಲರಿಗೆ ಮಾರಿತು. ಹೆದರಬೇಡಿ, ನಾವು ಅಷ್ಟೆಲ್ಲ ಕೇಳುವುದಿಲ್ಲ.

ನ್ಯೂಯಾರ್ಕ್ ಎಲ್ಲಿ, ಶಿರಸಿ ಎಲ್ಲಿ ಅನ್ನಬಹುದು. ಮುಂಬಯಿ ಹತ್ತಿರವೇ ಇದೆಯಲ್ಲ. ಅಲ್ಲಿ ದಾದರಿನ ಛಬಿಲ್‌ದಾಸ್ ಶಾಲೆಯ ಸಭಾಂಗಣದಲ್ಲಿ 1974ರಿಂದ ಮರಾಠಿಯ ಹೊಸ ನಾಟಕಗಳು ಬೆಳೆದವು. ಅದನ್ನು ನಡೆಸಿದ ಆವಿಷ್ಕಾರ್ ತಂಡ ಆಮೇಲೆ ಮಾಹೀಮಿನ ಮುನಿಸಿಪಲ್ ಶಾಲೆಗೆ ಹೋಯಿತು. ಮುನಿಸಿಪಲ್ ಎಂಬ ಮಾತನ್ನು ದಯವಿಟ್ಟು ಗಮನಿಸಿ. ಬೆಂಗಳೂರಿನ ರಂಗಶಂಕರ ಎಂಬ ರಂಗಮಂದಿರ 2004ರಲ್ಲಿ ಶುರುವಾದದ್ದು ನಮ್ಮ ಹೊನ್ನಾವರ ಕಡೆಯ ಶಂಕರ್ ನಾಗ್ ನೆನಪಿನಲ್ಲಿ. ಗಿರೀಶ್ ಕಾರ್ನಾಡರು ಹುಡುಗನಾಗಿ ಕಂಪನಿ ನಾಟಕ, ಯಕ್ಷಗಾನ ನೋಡಿದ್ದು ಇದೇ ಶಿರಸಿಯಲ್ಲಿ.

ಸಣ್ಣ ಜಾಗದ ನಾಟಕ ನಮಗೆ ಹೊಸದೂ ಅಲ್ಲ. ಯಕ್ಷಗಾನವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಪರದೆ ಇಲ್ಲ. ಭಾಗವತರು, ಮದ್ದಳೆ, ಪಾತ್ರಗಳ ಮಾತು ಆಡುವ ನಾಲ್ಕು ಜನ ಅರ್ಥಧಾರಿಗಳು, ಒಂದು ಜಗಲಿ. ಬರೀ ಮಾತಿನಲ್ಲೇ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ರಾತ್ರಿ ಯಾವ ಮಾತು ಹುಟ್ಟುತ್ತದೆ ಅಂತ ಅರ್ಥ ಹೇಳುವವರಿಗೇ ಗೊತ್ತಿರುವುದಿಲ್ಲ. ಇದಕ್ಕಿಂತ ಜಾಸ್ತಿ ಪ್ರಯೋಗ ಏನಿದೆ? ಹಿಂದೆ ಅದಕ್ಕೆ ಮನೆಮನೆಯ ಜಗಲಿ ಇತ್ತು. ಈಗಿನ ಮನೆಗಳಲ್ಲಿ ಜಗಲಿ ಇದ್ದ ಕಡೆ ಕಾರು ನಿಂತಿದೆ.

ನಾವು ಕೇಳುವುದು ಇಷ್ಟು. ಹಳೆ ಗೋದಾಮು, ಖಾಲಿ ಬಿದ್ದ ಮಳಿಗೆ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೋಣೆ, ಏನಾದರೂ ಸರಿ. ಐವತ್ತು ಜನ ಕೂರುವಂತಿರಲಿ. ತಗಡಿನ ಮಾಡು ಮಾತ್ರ ಬೇಡ. ಹನ್ನೊಂದು ತಿಂಗಳ ಕರಾರು ಮಾಡಿಕೊಡಿ, ನಡೆದುಕೊಂಡದ್ದು ಸರಿ ಕಂಡರೆ ಮುಂದುವರಿಸಿ. ಬಾಡಿಗೆ, ಕರೆಂಟ್ ಬಿಲ್ಲು ನಾವೇ ಕಟ್ಟುತ್ತೇವೆ. ಸುಣ್ಣಬಣ್ಣವೂ ನಮ್ಮದೇ. ಹೊರಹೋಗಲು ಎರಡು ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಒಂದೂ ಆಟ ಆಡುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಸದ್ದಿರುವುದಿಲ್ಲ. ನಮಗೆ ಬೇಡವಾದ ದಿನ ಯಕ್ಷಗಾನ ಕಲಿಯುವ ಮಕ್ಕಳಿಗೋ ತಾಳಮದ್ದಳೆಯವರಿಗೋ ಅದೇ ಕೋಣೆ ಸಿಗಲಿ. ನಮ್ಮ ಗುಂಪಿನ ಹೆಸರಿಗೇ ಬರೆದುಕೊಡಿ ಅನ್ನುವುದಿಲ್ಲ. ಹೇಳಿದೆವಲ್ಲ, ಹೆಸರೇ ಇಲ್ಲ.

ತೀರ್ಮಾನ ಮಾಡುವ ಮುಂಚೆ ತಾವು ಒಮ್ಮೆ ನಮ್ಮ ನಾಟಕ ನೋಡಬೇಕೆಂದು ಕೋರುತ್ತೇವೆ. ಬರುವ ಭಾನುವಾರ ಸಂಜೆ ಆರಕ್ಕೆ, ಅದೇ ಅಂಗಳದಲ್ಲಿ. ಮುಕ್ಕಾಲು ಗಂಟೆಯ ಆಟ, ಆಮೇಲೆ ಕಷಾಯ. ಮಳೆ ಜೋರಾದರೆ ನಡುವೆ ನಿಲ್ಲಿಸಿ ಕಾಯಬೇಕಾಗುತ್ತದೆ. ಕೊಡೆ ತನ್ನಿ, ಮಾಡು ಎರಡು ಕಡೆ ಸೋರುತ್ತದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು

(ಸಹಿಗಳ ಹಾಳೆ ಲಗತ್ತಿಸಿದೆ)
ಸ್ಥಳ: ಶಿರಸಿ