ಆ ಸುಳ್ಳುಗಳಿಗೂ ಥ್ಯಾಂಕ್ಸ್

ಅಪ್ಪನ ವೈಕುಂಠ ಸಮಾರಾಧನೆ ಮುಗಿಯಿತು. ಅವರ ಅಲ್ಜೈಮರ್ಸ್ ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ನಿಮ್ಹಾನ್ಸ್‌ನ ಡಾಕ್ಟರು, ಸಿಸ್ಟರ್‌ಗಳು, ಮೇಲಿನ ಮನೆಯವರು, ಮಾತ್ರೆ ಮನೆಗೇ ತಂದುಕೊಟ್ಟ ಮೆಡಿಕಲ್ ಶಾಪಿನ ಹುಡುಗ, ಸಾರು-ಪಲ್ಯ ಕಳಿಸಿದ ಅತ್ತೆ, ಎಲ್ಲರಿಗೂ ಥ್ಯಾಂಕ್ಸ್.

ಉಳಿದ ಮಾತೆಲ್ಲ ಅಪ್ಪನನ್ನು ನೋಡಿಕೊಳ್ಳಲು ರಾತ್ರಿ ಪಾಳಿಗೆ ಬರುತ್ತಿದ್ದ ಅಕ್ಕನಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಅಲ್ಜೈಮರ್ಸ್‌ನಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಜಾಸ್ತಿ ದಿನ ಉಳಿಯುತ್ತದೆ. ಅಮ್ಮ ತೀರಿಕೊಂಡಿದ್ದು ಅವರಿಗೆ ನೆನಪಿರಲಿಲ್ಲ, ಫಸ್ಟ್ ಶಿಫ್ಟು ನೆನಪಿತ್ತು. ಅಮ್ಮ ಎಲ್ಲಿ ಅಂದಾಗ ನಿಜ ಹೇಳಿದರೆ, ಪ್ರತಿ ಸಲವೂ ಅದು ಆಗತಾನೇ ಬಂದ ಸಾವಿನ ಸುದ್ದಿ. ಅದಕ್ಕೇ ಅಕ್ಕ ನಿಜ ಹೇಳುತ್ತಿರಲಿಲ್ಲ. "ಅಪ್ಪನ ಹತ್ರ ಸುಳ್ಳು ಹೇಳೋದಾ?" ಅಂತ ಅಣ್ಣ. ಆ ಜಗಳ ಬೀದಿಗೆಲ್ಲ ಕೇಳಿಸಿದೆ, ಬಿಡಿ.

ಒಂದು ಮಳೆಯ ರಾತ್ರಿ ಎರಡು ಗಂಟೆಗೆ ಅಪ್ಪ ಶರಟು ಹಾಕಿಕೊಂಡು ಗೇಟಿಗೆ ಬಂದುಬಿಟ್ಟರು. ಕಾರ್ಖಾನೆ ಬಸ್ಸು ಬರಬೇಕಂತೆ. ಬಸ್ಸು ಎಲ್ಲಿಂದ ಬರಬೇಕು? ವಾಚ್ ಕಂಪನಿ ಮುಚ್ಚಲು ಸರ್ಕಾರ 2016ರಲ್ಲೇ ತೀರ್ಮಾನಿಸಿತ್ತು. ಅಡ್ಡ ನಿಂತ ನನ್ನ ಮೇಲೆ ಕೈ ಎತ್ತಿದರು. ಅಕ್ಕ ತಡೆಯಲೇ ಇಲ್ಲ. ಛತ್ರಿ ಹಿಡಿದು ಅವರ ಪಕ್ಕ ನಿಂತರು. ಎಷ್ಟೋ ಹೊತ್ತಾದ ಮೇಲೆ, "ಅಪ್ಪಾಜಿ, ಮಳೆಗೆ ಬಸ್ಸು ಲೇಟು. ಒಳಗೆ ಕೂತು ವಾಚಿಗೆ ಕೀಲಿ ಕೊಡ್ತಾ ಇರಿ" ಅಂದರು. ಅಪ್ಪ ಒಳಗೆ ಬಂದು, ತಮ್ಮ ಎಚ್‌ಎಂಟಿ ಜನತಾ ವಾಚಿಗೆ ಕೀಲಿ ಕೊಟ್ಟರು. ಬೆರಳು ಏನನ್ನೂ ಮರೆತಿರಲಿಲ್ಲ.

ಹಾಗಂತ ಅಕ್ಕ ಎಲ್ಲದಕ್ಕೂ ಸುಳ್ಳು ಹೇಳುವವರಲ್ಲ. ಮಾತ್ರೆಯನ್ನು ಮೊಸರನ್ನದಲ್ಲಿ ಬಚ್ಚಿಟ್ಟು ಕೊಡೋಣ ಅಂತ ಮನೆಯಲ್ಲಿ ಮಾತು ಬಂದಾಗ ಒಪ್ಪಲಿಲ್ಲ. "ಅದು ನಮ್ಮ ಅನುಕೂಲಕ್ಕೆ ಹೇಳೋ ಸುಳ್ಳು" ಅಂದರು. ಆಸ್ಪತ್ರೆಗೆ ಹೊರಟಾಗ ದೇವಸ್ಥಾನ ಅನ್ನಲೂ ಬಿಡಲಿಲ್ಲ.

ಅದೇ ರಾತ್ರಿ, ಕೀಲಿ ಕೊಡುತ್ತಿದ್ದ ಅಪ್ಪ ತಲೆ ಎತ್ತಿ, "ನನಗೆ ತಲೆ ಕೆಟ್ಟಿದೆಯಾ?" ಅಂತ ಕೇಳಿದರು. "ಇಲ್ಲಪ್ಪ, ಸುಮ್ನೆ ಮಲಗಿ" ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅಕ್ಕ ಅವರ ಕೈ ಹಿಡಿದುಕೊಂಡರು. "ಮರೆವಿನ ಕಾಯಿಲೆ ಅಪ್ಪಾಜಿ. ನಿಮ್ಮ ತಪ್ಪಲ್ಲ. ನಾವಿದ್ದೀವಿ." ಅಪ್ಪ ಅತ್ತರು. ಅವರು ಅತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಇನ್ನು ಬರೆಯಲು ಆಗುತ್ತಿಲ್ಲ.

ಇರಲಿ. ಸ್ವಲ್ಪ ಹೊತ್ತಿಗೆ "ಕಾಫಿ ಕೊಡಮ್ಮ" ಅಂದರು. ಕೊಟ್ಟೆ.

ಅಕ್ಕ ಈಗ ರಾಜಾಜಿನಗರದಲ್ಲಿ ಇನ್ನೊಂದು ಮನೆಗೆ ಹೋಗುತ್ತಿದ್ದಾರೆ. ಆ ಮನೆಯವರು ಇದನ್ನು ಓದುತ್ತಿದ್ದರೆ: ವಾರಕ್ಕೊಂದು ರಾತ್ರಿ ರಜ ಕೊಡಿ, ಸಂಬಳ ತಡ ಮಾಡಬೇಡಿ. ಅವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿ ತಿದ್ದಬೇಡಿ.